ಬುಲೆಟ್ಟಿನವರು, ಜಾವಾದವರು

ಬಳ್ಳಾರಿಯಿಂದ ಕುರುಗೋಡಿಗೋ ಸಿರುಗುಪ್ಪಕ್ಕೋ ಹೋಗುವ ರಸ್ತೆಯಲ್ಲಿ ಹಳೆಯ ಬೈಕೊಂದು ಬರುತ್ತಿದ್ದರೆ, ಕಣ್ಣಿಗೆ ಬೀಳುವ ಮೊದಲೇ ಅದರ ಜಾತಿ ಕಿವಿಗೆ ತಿಳಿಯುತ್ತದೆ. ಬಿಡಿಬಿಡಿಯಾಗಿ ಡುಗ್ ಡುಗ್ ಎಂದರೆ ಬುಲೆಟ್. ತಡೆಯಿಲ್ಲದೆ ಪಟಪಟ ಎಂದು, ಹಿಂದೆಯೇ ಎಣ್ಣೆ ಸುಟ್ಟ ವಾಸನೆಯೂ ಬಂದರೆ ಜಾವಾ ಅಥವಾ ಯೆಜ್ಡಿ. ಚಹಾ ಅಂಗಡಿಯ ಮುಂದೆ ಎರಡೂ ಒಟ್ಟಿಗೆ ನಿಂತವೆಂದರೆ ಮಾತು ಮಳೆ ಬೆಳೆ ಬಿಟ್ಟು ಗಾಡಿಗೆ ಬರುವುದು ಖಂಡಿತ. ಬುಲೆಟ್ಟಿನವರ ಪಾಲಿಗೆ ಜಾವಾ ಸೊಳ್ಳೆಗೆ ಹೊಗೆ ಹಾಕುವ ಯಂತ್ರ. ಜಾವಾದವರ ಪಾಲಿಗೆ ಬುಲೆಟ್ ಎಣ್ಣೆ ಸೋರುವ ಎಮ್ಮೆ. ಹೀಗೆ ಹಂಗಿಸಿಕೊಂಡವರೇ, ಹೊರಡುವಾಗ ಒಬ್ಬರ ಗಾಡಿ ಮುಷ್ಕರ ಹೂಡಿದರೆ, ಇನ್ನೊಬ್ಬರು ಕೂತು ಪ್ಲಗ್ ಬಿಚ್ಚಿ ಒರೆಸಿಕೊಡುತ್ತಾರೆ.

ಶಬ್ದದ ಈ ಭೇದ ಇರುವುದು ಎಂಜಿನ್ನಿನ ಒಳಗೆ. ಜಾವಾದ್ದು 250 ಸಿ.ಸಿ.ಯ ಎರಡು ಸ್ಟ್ರೋಕಿನ ಎಂಜಿನ್. ಕ್ರ್ಯಾಂಕ್ ಒಂದು ಸುತ್ತು ಬಂದಾಗಲೆಲ್ಲ ಒಮ್ಮೆ ಸಿಡಿಯುತ್ತದೆ. ಬುಲೆಟ್ ನಾಲ್ಕು ಸ್ಟ್ರೋಕಿನದು. ಎರಡು ಸುತ್ತಿಗೆ ಒಮ್ಮೆ ಸಿಡಿತ. ಅದರ 346 ಸಿ.ಸಿ. ಸಿಲಿಂಡರಿನೊಳಗೆ ಪಿಸ್ಟನ್ 90 ಮಿಲಿಮೀಟರಿನಷ್ಟು ಉದ್ದದ ಹಾದಿ ಏರಿ ಇಳಿಯಬೇಕು. ಆ ನಿಧಾನವೇ ಅದರ ಗತ್ತು. ಜಾವಾಗೆ ಪೆಟ್ರೋಲಿನ ಜೊತೆಯಲ್ಲೇ ಎಣ್ಣೆ ಬೆರೆಸಿ ಹಾಕಬೇಕು, ಹಾಗಾಗಿ ಹೊಗೆ ತಪ್ಪಿದ್ದಲ್ಲ.

ಬಳ್ಳಾರಿಯ ಮಟ್ಟಿಗೆ ಈ ಜೋಡಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬುಲೆಟ್ ಮದರಾಸಿನದು. ಅಲ್ಲಿನ ಮದರಾಸ್ ಮೋಟಾರ್ಸ್ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಜೊತೆ ಕೂಡಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ತಿರುವೊತ್ತಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಜಾವಾ ಮೈಸೂರಿನದು. ಜೆಕೊಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಬೈಕಿನ ಹಕ್ಕು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಕ್ಕೆ ಅದರ ಮೊದಲೆರಡು ಸೇರಿಸಿ ಇಟ್ಟ ಹೆಸರು ಅದು. ಆ ಗಾಡಿಯನ್ನು ಐಡಿಯಲ್ ಜಾವಾ ಕಂಪನಿ 1961ರಿಂದ ಮೈಸೂರಿನಲ್ಲಿ ತಯಾರಿಸತೊಡಗಿತು. ಸ್ಥಾಪಕರು ಮುಂಬಯಿಯ ಇರಾನಿ ಮನೆತನದವರು, ಬೆನ್ನಿಗೆ ನಿಂತವರು ಜಯಚಾಮರಾಜ ಒಡೆಯರು. 1973ರಿಂದ ಅದು ಯೆಜ್ಡಿ ಆಯಿತು. ಹಳೆಯ ರಾಜಧಾನಿಯ ಗಾಡಿಯೊಂದು, ಹೊಸ ರಾಜ್ಯದ ಗಾಡಿಯೊಂದು. ಬಳ್ಳಾರಿಯವರು ಇದನ್ನು ಲೆಕ್ಕ ಹಾಕಿ ಗಾಡಿ ಕೊಂಡರೆಂದಲ್ಲ. ಪರ್ಮಿಟ್ಟಿನ ಆ ಕಾಲದಲ್ಲಿ ಆಯ್ಕೆಗೆ ಇದ್ದದ್ದೇ ಇವೆರಡು ಮತ್ತು ರಾಜದೂತ್.

ಒಮ್ಮೆ ಕೊಂಡ ಮೇಲೆ ಬಿಡುವುದು ಏಕೆ ಕಷ್ಟ? ಅಭಿಮಾನ ಮನಸ್ಸಿನಲ್ಲಿದೆ ಎನ್ನುತ್ತಾರೆ, ಅರ್ಧದಷ್ಟಾದರೂ ಕಾಲಿನಲ್ಲಿದೆ. ಹಳೆಯ ಬುಲೆಟ್ಟಿಗೆ ಗೇರು ಬಲಗಡೆ, ಹಿಂದಿನ ಬ್ರೇಕು ಎಡಗಡೆ. ಜಾವಾದ್ದು ಇದಕ್ಕೆ ತಿರುವುಮುರುವು. ಅಲ್ಲದೆ ಎಡಗಡೆಯ ಒಂದೇ ಲಿವರು ಮಡಿಸಿದರೆ ಕಿಕ್ಕರ್, ಬಿಟ್ಟರೆ ಗೇರು. ಬುಲೆಟ್ ಸ್ಟಾರ್ಟ್ ಮಾಡುವುದಂತೂ ಒಂದು ವ್ರತವೇ: ಆಮೀಟರಿನ ಮುಳ್ಳು ನೋಡಿ, ಡಿಕಂಪ್ರೆಸರ್ ಹಿಡಿದು, ಹದ ನೋಡಿ ಒದೆಯಬೇಕು, ಹದ ತಪ್ಪಿದರೆ ಕಿಕ್ಕರ್ ತಿರುಗಿ ಕಾಲಿಗೇ ಬಡಿಯುತ್ತದೆ. ಹೀಗೆ ಕಾಲು ಕಲಿತ ಪಾಠವನ್ನು ಮರೆಸಿ ಇನ್ನೊಂದು ಕಲಿಸುವವರು ಯಾರು? ಇನ್ನರ್ಧ ನಿಷ್ಠೆ ಸಲ್ಲುವುದು ಕಂಪನಿಗಲ್ಲ, ಮೆಕ್ಯಾನಿಕ್‌ಗೆ. ಶಬ್ದ ಕೇಳಿಯೇ ರೋಗ ಹೇಳುವವನೊಬ್ಬ ಊರಿನಲ್ಲಿದ್ದರೆ, ಅವನು ಬಲ್ಲ ಗಾಡಿಯೇ ಆ ಊರಿನ ಗಾಡಿ.

ಈ ಸ್ಪರ್ಧೆ ಎಲ್ಲೆಡೆಯೂ ನಗುವಿನಲ್ಲಿ ಮುಗಿದಿಲ್ಲ. 1964ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕಡಲ ತೀರದಲ್ಲಿ ಸ್ಕೂಟರಿನ ಯುವಕರೂ ಬೈಕಿನ ಯುವಕರೂ ಹೊಡೆದಾಡಿ ಪೊಲೀಸರು ಬರಬೇಕಾಯಿತು. ಅಮೆರಿಕದ ಇಬ್ಬರು ವಿದ್ವಾಂಸರು, ಮುನೀಜ್ ಮತ್ತು ಓಗಿನ್, ಒಂದು ಬ್ರ್ಯಾಂಡಿನ ಸುತ್ತ ಬೆಳೆಯುವ ಬಳಗಗಳ ಬಗ್ಗೆ 2001ರಲ್ಲಿ ಬರೆದರು. ತಾವು ಯಾರು ಎಂಬುದನ್ನು ಇಂಥ ಬಳಗದವರು 'ನಾವು ಅದರವರಲ್ಲ' ಎಂದೇ ಅರ್ಧ ಹೇಳಿಕೊಳ್ಳುತ್ತಾರೆ ಎಂಬುದು ಅವರು ಕಂಡ ಸಂಗತಿ. ಚಹಾ ಅಂಗಡಿಯ ಮುಂದೆ ಕೂತವರಿಗೆ ಇದು ಮೊದಲೇ ಗೊತ್ತಿತ್ತು.

ಹೊಟ್ಟೆಪಾಡಿನ ಲೆಕ್ಕವೇ ಬೇರೆ. ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದ ಕಡೆಯ ಎರೆಮಣ್ಣು ಮಳೆಗೆ ನೆನೆದರೆ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿಯುತ್ತದೆ. ಅಂಥಲ್ಲಿ ಹಗುರವಾದ, ಪೆಟ್ರೋಲು ಕಡಿಮೆ ಕುಡಿಯುವ ಗಾಡಿ ಬೇಕು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದಾಗ ಭಾರದ ಗಾಡಿಗಳ ಪ್ರಭುತ್ವ ಮುಗಿಯತೊಡಗಿತು. ಅದೇ ವರ್ಷ ಬಂದ ಯಮಹಾ ಆರ್‌ಎಕ್ಸ್ 100 ಓಟದ ಹುಚ್ಚಿನ ಹುಡುಗರನ್ನು ಸೆಳೆದುಕೊಂಡಿತು.

1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಕಾರ್ಮಿಕರ ಕೆಲಸ ಹೋಯಿತು, ಬಿಡಿಭಾಗ ಬರುವ ದಾರಿಯೂ ಕಟ್ಟಿತು. ಆದರೂ ಗಾಡಿಗಳು ಗುಜರಿಗೆ ಹೋಗಲಿಲ್ಲ. ಲೇತಿನಲ್ಲಿ ಕಡೆಸಿ, ಒಂದರ ಅಂಗ ಇನ್ನೊಂದಕ್ಕೆ ಹಾಕಿ ಉಳಿಸಿಕೊಂಡವರು ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಆಚರಿಸುತ್ತಾರೆ. ಉಳಿಸಿಕೊಳ್ಳುವುದು ಅಗ್ಗವಲ್ಲ: ಹದಿನೈದು ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 300 ರೂಪಾಯಿಯಿಂದ 1,000ಕ್ಕೆ ಏರಿತು.

2018ರಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಎಂಜಿನ್ ಮಾತ್ರ ನಾಲ್ಕು ಸ್ಟ್ರೋಕಿನದು. ಹೊಗೆಯಿಲ್ಲದ ಜಾವಾ ಎಂಥ ಜಾವಾ ಎಂದು ಹಳಬರು ಮೂಗು ಮುರಿದರೆ, ಕೊನೆಗೂ ನಮ್ಮ ದಾರಿಗೆ ಬಂದಿರಲ್ಲ ಎಂದು ಬುಲೆಟ್ಟಿನವರು ಹಂಗಿಸಬಹುದು. ಆದರೆ ಅವರ ಗಾಡಿಯ ಗೇರೂ ಈಗ ಎಡಗಡೆಗೆ ಬಂದಿದೆ. ಹಳೆಯ ಬುಲೆಟ್ಟಿನಿಂದ ಇಳಿದು ಹೊಸದನ್ನು ಹತ್ತಿದವರು ಗೇರು ಹಾಕಲೆಂದು ಬಲಗಾಲು ಒತ್ತಿ, ನಡುರಸ್ತೆಯಲ್ಲಿ ಬ್ರೇಕು ಹಿಡಿದು ನಿಲ್ಲುತ್ತಾರೆ.