ಸೀಲಿಂಗ್ ಫ್ಯಾನಿನ ರೆಕ್ಕೆಗಳು: ಆಯ್ಕೆ ಮತ್ತು ಬದಲಾವಣೆ

ಮನೆಯ ಸೀಲಿಂಗ್ ಫ್ಯಾನು ಓಲಾಡತೊಡಗಿದಾಗ, ಬಾಗಿದ ಒಂದು ರೆಕ್ಕೆಯನ್ನಷ್ಟೇ ತೆಗೆದು ಬೇರೊಂದನ್ನು ಜೋಡಿಸುವ ರೂಢಿಯಿದೆ. ಅಂಗನವಾಡಿ, ಗ್ರಂಥಾಲಯ ಹಾಗೂ ಪಂಚಾಯಿತಿ ಕಚೇರಿಗಳ ದುರಸ್ತಿಯಲ್ಲಿಯೂ ಇದೇ ಕ್ರಮ ನಡೆಯುವುದುಂಟು. ಮಿತವ್ಯಯವೆಂದು ತೋರುವ ಈ ಕ್ರಮವು ವಾಸ್ತವವಾಗಿ ಅಪಾಯಕಾರಿಯಾದುದು.

ಒಂದು ಫ್ಯಾನಿನ ಮೂರು ರೆಕ್ಕೆಗಳನ್ನು ತಯಾರಿಕೆಯ ಹಂತದಲ್ಲಿಯೇ ತೂಕ ಹೊಂದಿಸಿ ಒಂದು ಸೆಟ್ಟಾಗಿ ನೀಡಲಾಗಿರುತ್ತದೆ. ಫ್ಯಾನು ನಿಮಿಷಕ್ಕೆ 300ಕ್ಕೂ ಹೆಚ್ಚು ಸುತ್ತು ತಿರುಗುವುದರಿಂದ, ಕೆಲವೇ ಗ್ರಾಂಗಳ ವ್ಯತ್ಯಾಸವೂ ಪ್ರತಿ ಸುತ್ತಿನಲ್ಲಿ ಮೋಟಾರನ್ನು ಒಂದು ಬದಿಗೆ ಎಳೆಯುತ್ತದೆ. ಈ ಎಳೆತವು ರಾಡಿನ ಮೂಲಕ ಮೇಲಿನ ಕೊಕ್ಕೆಯನ್ನು ತಲುಪುತ್ತದೆ. ಕಾಲಕ್ರಮೇಣ ರಬ್ಬರ್ ಬುಷ್ ಸವೆದು, ನಟ್ಟು ಸಡಿಲಗೊಂಡು, ಕಾಟರ್ ಪಿನ್ ಇಲ್ಲದಿದ್ದಲ್ಲಿ ಬೋಲ್ಟು ಕಳಚಿಕೊಳ್ಳುತ್ತದೆ. ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟದ ನಂತರ ಮಕ್ಕಳು ಮಲಗುವುದು ಸಾಮಾನ್ಯವಾಗಿ ಫ್ಯಾನಿನ ನೇರ ಕೆಳಗೆ ಎಂಬುದನ್ನು ಸದಸ್ಯರು ಗಮನದಲ್ಲಿಡುವುದು ಸೂಕ್ತ.

ರೆಕ್ಕೆ ಬಾಗಲು ಕಾರಣ ಬಹುತೇಕ ಬಳಕೆಯೇ. ಒರೆಸುವಾಗ ತುದಿಯನ್ನು ಹಿಡಿದು ಕೆಳಗೆ ಜಗ್ಗುವುದು, ತಿರುಗುವ ಫ್ಯಾನನ್ನು ಕೋಲಿನಿಂದ ನಿಲ್ಲಿಸುವುದು, ರಾಷ್ಟ್ರೀಯ ಹಬ್ಬಗಳಂದು ಅಲಂಕಾರದ ಹಾಳೆ ಕಟ್ಟುವುದು ಇವೆಲ್ಲವೂ ಆ ಸಾಲಿಗೆ ಸೇರುತ್ತವೆ.

ಬದಲಾಯಿಸುವ ಮುನ್ನ ದೋಷ ಎಲ್ಲಿದೆಯೆಂದು ನಿರ್ಧರಿಸಬೇಕು. ಫ್ಯಾನು ಓಲಾಡದೆ ಕೇವಲ ನಿಧಾನವಾಗಿದ್ದರೆ ಅದಕ್ಕೆ ಸಾಮಾನ್ಯವಾಗಿ ಕ್ಷೀಣಿಸಿದ ಕೆಪಾಸಿಟರ್ ಕಾರಣವೇ ಹೊರತು ರೆಕ್ಕೆಯಲ್ಲ. ಓಲಾಟವಿದ್ದಲ್ಲಿ ಮೊದಲು ಧೂಳು ಒರೆಸಿ ಸ್ಕ್ರೂಗಳನ್ನು ಬಿಗಿಗೊಳಿಸಬೇಕು. ಅನೇಕ ವೇಳೆ ಇಷ್ಟೇ ಸಾಕಾಗುತ್ತದೆ. ಆ ಬಳಿಕ ಛಾವಣಿಗೆ ಒಂದು ಅಳತೆಕೋಲನ್ನು ಲಂಬವಾಗಿ ಹಿಡಿದು, ಫ್ಯಾನನ್ನು ಕೈಯಿಂದ ತಿರುಗಿಸುತ್ತ ಮೂರೂ ತುದಿಗಳನ್ನು ಅದೇ ಸ್ಥಳದಲ್ಲಿ ಅಳೆಯಬೇಕು. ಒಂದು ತುದಿ ಕೆಳಗಿದ್ದರೆ ಆ ರೆಕ್ಕೆಯನ್ನು ಪಕ್ಕದ ಸ್ಥಾನಕ್ಕೆ ಬದಲಿಸಿ ಮತ್ತೆ ಅಳೆಯಬೇಕು: ವ್ಯತ್ಯಾಸವು ರೆಕ್ಕೆಯೊಡನೆ ಸಾಗಿದರೆ ದೋಷ ರೆಕ್ಕೆಯದು, ಹಳೆಯ ಸ್ಥಾನದಲ್ಲಿಯೇ ಉಳಿದರೆ ಮೋಟಾರಿನ ಕಡೆಯದು. ತೂಕದ ಪರೀಕ್ಷೆಗೆ ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯೇ ಸಾಕು.

ಹೊಸ ರೆಕ್ಕೆಗಳನ್ನು ಅದೇ ಕಂಪನಿಯ ಅದೇ ಮಾದರಿಗೆ ಪೂರ್ಣ ಸೆಟ್ಟಾಗಿಯೇ ಕೊಳ್ಳತಕ್ಕದ್ದು. ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1200 ಮಿ.ಮೀ. ಅಂದರೆ 48 ಅಂಗುಲದ ಫ್ಯಾನು. ಹೆಚ್ಚು ಗಾಳಿಯ ಆಸೆಯಿಂದ ಅದಕ್ಕೆ 1400 ಮಿ.ಮೀ. ಫ್ಯಾನಿನ ರೆಕ್ಕೆ ಜೋಡಿಸಿದರೆ ಮೋಟಾರಿನ ಮೇಲೆ ಹೊರೆ ಬಿದ್ದು ವೈಂಡಿಂಗ್ ಕಾಯುತ್ತದೆ. ರಂಧ್ರಗಳು ಹೊಂದಿದ ಮಾತ್ರಕ್ಕೆ ರೆಕ್ಕೆಯ ವಾರೆ ಹೊಂದಿದೆ ಎಂದರ್ಥವಲ್ಲ. ಕರಾವಳಿ ಹಾಗೂ ಮಲೆನಾಡಿನ ತೇವಕ್ಕೆ ಕಬ್ಬಿಣದ ರೆಕ್ಕೆಗಿಂತ ಅಲ್ಯೂಮಿನಿಯಂ ಲೇಸು.

ಮಾದರಿಯ ರೆಕ್ಕೆ ದೊರೆಯದಿದ್ದಲ್ಲಿ ಹೊಸ ಫ್ಯಾನನ್ನೇ ಕೊಳ್ಳುವುದು ಯೋಗ್ಯ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದೆ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಬಳಸಿದರೆ ಬಿಎಲ್‌ಡಿಸಿ ಫ್ಯಾನು ಸುಮಾರು 35 ವ್ಯಾಟ್ ಬಳಸುತ್ತದೆ. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ 12 ಯೂನಿಟ್ ಉಳಿತಾಯ.

ಜೋಡಣೆಗೆ ಮುನ್ನ ಮೇನ್ ಸ್ವಿಚ್ಚನ್ನೇ ಆರಿಸಬೇಕು. ಹಳೆಯ ವೈರಿಂಗಿನಲ್ಲಿ ಸ್ವಿಚ್ಚು ನ್ಯೂಟ್ರಲ್ ತಂತಿಯ ಮೇಲಿದ್ದರೆ, ಅದನ್ನು ಆರಿಸಿದರೂ ಫ್ಯಾನಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಎಲ್ಲ ಸ್ಕ್ರೂಗಳನ್ನು ಮೊದಲು ಅರೆಬಿಗಿಯಾಗಿ ಕೂರಿಸಿ ನಂತರ ಪೂರ್ಣ ಬಿಗಿಗೊಳಿಸುವುದು ಸರಿಯಾದ ವಿಧಾನ. ಏಣಿ ಹತ್ತಿದ ವ್ಯಕ್ತಿಯು ಕೊಕ್ಕೆ, ರಬ್ಬರ್ ಬುಷ್, ಬೋಲ್ಟು ಹಾಗೂ ಕಾಟರ್ ಪಿನ್ನುಗಳನ್ನು ಪರಿಶೀಲಿಸದೆ ಇಳಿಯಬಾರದು. ಒಂದು ವಾರದ ಬಳಕೆಯ ನಂತರ ಸ್ಕ್ರೂಗಳನ್ನು ಮತ್ತೊಮ್ಮೆ ನೋಡಬೇಕು.

ಪಂಚಾಯಿತಿ ಕಟ್ಟಡಗಳಲ್ಲಿ ತೆಗೆದ ಹಳೆಯ ರೆಕ್ಕೆಗಳನ್ನು ಅನುಪಯುಕ್ತವೆಂದು ದಾಸ್ತಾನು ವಹಿಯಲ್ಲಿ ನಮೂದಿಸಿ ಪ್ರತ್ಯೇಕವಾಗಿರಿಸತಕ್ಕದ್ದು. ಮೂಲೆಯಲ್ಲಿಟ್ಟ ಬಿಡಿ ರೆಕ್ಕೆಯೇ ಮುಂದೊಂದು ದಿನ ಮತ್ತೊಂದು ಫ್ಯಾನಿಗೆ ಏರುತ್ತದೆ.