ಜಾತ್ರೆಯ ಗುಲಾಬಿ ಮರಿ ಎಲ್ಲಿಂದ ಬಂತು?

ಶಿಕಾರಿಪುರದ ಸಂತೆಯಲ್ಲೋ ಸೊರಬದ ಜಾತ್ರೆಯಲ್ಲೋ ಅಪ್ಪನ ಕೈ ಜಗ್ಗಿ ಬಣ್ಣದ ಕೋಳಿಮರಿ ಕೊಡಿಸಿಕೊಂಡವರು ನಿಮ್ಮಲ್ಲಿ ಎಷ್ಟು ಜನ ಇದ್ದೀರಿ? ಗುಲಾಬಿ, ಹಸಿರು, ನೇರಳೆ. ರಟ್ಟಿನ ಡಬ್ಬಿಯಲ್ಲಿಟ್ಟು, ನುಚ್ಚಕ್ಕಿ ಹಾಕಿ, ಬಲ್ಬಿನ ಬೆಳಕಿನಲ್ಲಿ ಬೆಚ್ಚಗೆ ಮಲಗಿಸಿದರೂ ಎರಡು ಮೂರು ದಿನಕ್ಕೆ ಮರಿ ಏಳುತ್ತಿರಲಿಲ್ಲ. ಬಣ್ಣ ಆಗಿಬರಲಿಲ್ಲ ಅಂತ ಮನೆಯವರು ಸಮಾಧಾನ ಮಾಡೋರು.

ಆ ಮರಿಗಳಲ್ಲಿ ಹೆಚ್ಚಿನವು ಗಂಡು. ಮೊಟ್ಟೆ ತಳಿಯ ಹ್ಯಾಚರಿಗಳಿಗೆ ಬೇಡವಾಗಿ ಬಂದವು.

ಲೆಕ್ಕ ಸರಳ. ಇವತ್ತು ಅಂಗಡಿಯಲ್ಲಿ ಸಿಗುವ ಬಿಳಿ ಮೊಟ್ಟೆ ಲೇಯರ್ ತಳಿಯದು. ಆ ತಳಿಯ ಹೇಂಟೆ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಡುತ್ತದೆ. ಅದರ ಜೊತೆ ಹುಟ್ಟಿದ ಹುಂಜ ಮೊಟ್ಟೆಯನ್ನೂ ಇಡಲ್ಲ, ಬ್ರಾಯ್ಲರ್ ಥರ ಆರು ವಾರಕ್ಕೆ ಮೈ ತುಂಬಿಕೊಳ್ಳೋದೂ ಇಲ್ಲ. ಹಾಕಿದ ಮೇವಿನ ದುಡ್ಡು ವಾಪಸ್ ಬರಲ್ಲ. ಹಾಗಾಗಿ ಮೊಟ್ಟೆಯೊಡೆದ ದಿನವೇ ಗಂಡು–ಹೆಣ್ಣು ಬೇರ್ಪಡಿಸುತ್ತಾರೆ. ನುರಿತವರು ಗಂಟೆಗೆ ಸಾವಿರದಷ್ಟು ಮರಿಗಳ ಹಿಂಭಾಗ ನೋಡಿ ಹೇಳಿಬಿಡ್ತಾರೆ. ಈ ವಿದ್ಯೆ ನೂರು ವರ್ಷದ ಹಿಂದೆ ಜಪಾನಿನಲ್ಲಿ ಬೆಳೆದದ್ದು. ಒಂದಷ್ಟು ಗಂಡು ಮರಿಗಳನ್ನು ಮಾಂಸಕ್ಕೆ ಸಾಕುವವರು ಒಯ್ಯುತ್ತಾರೆ, ಒಂದಷ್ಟು ಬಣ್ಣ ಬಳಿಸಿಕೊಂಡು ಸಂತೆಗೆ ಹೋಗುತ್ತವೆ, ಉಳಿದವು ಅಲ್ಲೇ ಮುಗಿಯುತ್ತವೆ. ಯುರೋಪಿನಲ್ಲಿ ಗ್ಯಾಸ್ ಅಥವಾ ಅರೆಯುವ ಯಂತ್ರ. ನಮ್ಮಲ್ಲಿ ನೀರಲ್ಲಿ ಮುಳುಗಿಸುವ, ಚೀಲದಲ್ಲಿ ಉಸಿರುಗಟ್ಟಿಸುವ ದೃಶ್ಯಗಳನ್ನು ಪ್ರಾಣಿಹಕ್ಕು ಸಂಘಟನೆಗಳು ಹೊರಗೆ ತಂದಿವೆ. ಜಗತ್ತಿನಲ್ಲಿ ವರ್ಷಕ್ಕೆ ಹೀಗೆ ಸಾಯುವ ಗಂಡು ಮರಿಗಳು ಸುಮಾರು 600ರಿಂದ 700 ಕೋಟಿ ಎಂಬ ಅಂದಾಜಿದೆ.

ಹಾಗಾದರೆ ಮರಿ ಹೊರಬರುವ ಮೊದಲೇ ಗೊತ್ತಾದರೆ? ನಮ್ಮ ಕಡೆ ಅಜ್ಜಿಯಂದಿರು ಕಾವಿಗೆ ಮೊಟ್ಟೆ ಆರಿಸುವಾಗಲೇ ಹೇಳಿಬಿಡುತ್ತಿದ್ದರು: ಉದ್ದ ಚೂಪಾಗಿದ್ದರೆ ಹುಂಜ, ದುಂಡಗಿದ್ದರೆ ಹೇಂಟೆ. ತಮಾಷೆ ಅಂದ್ರೆ ಅರಿಸ್ಟಾಟಲ್ ಇದನ್ನೇ ತಿರುಗುಮುರುಗು ಹೇಳಿದ್ದ. ವಿಜ್ಞಾನದ ಪ್ರಕಾರ ಇಬ್ಬರದ್ದೂ ತಪ್ಪು, ಆಕಾರಕ್ಕೂ ಲಿಂಗಕ್ಕೂ ಸಂಬಂಧವಿಲ್ಲ. ಆದರೆ ಮೊಟ್ಟೆ ಇಟ್ಟಾಗಲೇ ಹಣೆಬರಹ ಬರೆದಾಗಿರುತ್ತದೆ ಅನ್ನೋದು ಮಾತ್ರ ನಿಜ. ಮನುಷ್ಯರಲ್ಲಿ ಮಗುವಿನ ಲಿಂಗ ಅಪ್ಪನ ಕಡೆಯಿಂದ ನಿರ್ಧಾರವಾದರೆ ಕೋಳಿಯಲ್ಲಿ ಅದು ತಾಯಿಯ ಕಡೆಯಿಂದ.

ಅದನ್ನು ಓದುವ ಯಂತ್ರಗಳು ಈಗ ಬಂದಿವೆ. ಕಾವು 21 ದಿನ. ಒಂದು ವಿಧಾನದಲ್ಲಿ 9ನೇ ದಿನ ಲೇಸರ್‌ನಿಂದ ಚಿಪ್ಪಿಗೆ ಕೂದಲೆಳೆಯಷ್ಟು ತೂತು ಮಾಡಿ, ಒಂದು ಹನಿ ದ್ರವ ತೆಗೆದು, ಹೆಣ್ಣಿನ ಹಾರ್ಮೋನ್ ಇದೆಯಾ ನೋಡುತ್ತಾರೆ. ಇನ್ನೊಂದರಲ್ಲಿ ತೂತೇ ಬೇಡ: 13ನೇ ದಿನದ ಹೊತ್ತಿಗೆ ಮೊಟ್ಟೆಯೊಳಗೆ ಜೋರು ಬೆಳಕು ಹಾಯಿಸಿದರೆ ಕ್ಯಾಮೆರಾ ಒಳಗಿನ ಪುಕ್ಕದ ಬಣ್ಣ ಗುರುತಿಸುತ್ತದೆ. ಮ್ಯೂನಿಕ್‌ನ ಆರ್ಬೆಮ್ ಅನ್ನೋ ಕಂಪನಿ ಮೊಟ್ಟೆಗೇ ಎಂಆರ್‌ಐ ಮಾಡುತ್ತದೆ! ಗಂಡು ಅಂತ ಗೊತ್ತಾದ ಮೊಟ್ಟೆಯ ಕಾವು ಅಲ್ಲಿಗೇ ನಿಲ್ಲುತ್ತದೆ. ಸ್ಕ್ಯಾನಿಂಗ್ ಸೆಂಟರ್‌ಗಳ ಮುಂದಿನ ‘ಲಿಂಗ ಪತ್ತೆ ಅಪರಾಧ’ ಬೋರ್ಡ್ ನೆನಪಾದರೆ ತಪ್ಪೇನಿಲ್ಲ, ಇಲ್ಲಿ ಬೇಡವಾದದ್ದು ಗಂಡು ಅಷ್ಟೆ.

ಜರ್ಮನಿ 2022ರ ಜನವರಿಯಿಂದ ಒಂದು ದಿನದ ಮರಿ ಕೊಲ್ಲುವುದನ್ನು ನಿಷೇಧಿಸಿತು, ಹಿಂದೆಯೇ ಫ್ರಾನ್ಸ್. ಆಮೇಲೆ ಎದ್ದ ಪ್ರಶ್ನೆ: ಭ್ರೂಣಕ್ಕೆ ನೋವಾಗೋದು ಯಾವಾಗಿಂದ? 13ನೇ ದಿನಕ್ಕಿಂತ ಮುಂಚೆ ಇಲ್ಲ ಎಂಬ ಅಧ್ಯಯನದ ಮೇಲೆ ಜರ್ಮನಿ ಗೆರೆ ಎಳೆದಿದೆ. ಅಂದರೆ ಪತ್ತೆ ಕೆಲಸ 12ನೇ ದಿನದೊಳಗೆ ಮುಗಿಯಬೇಕು.

ಇದು ನಮ್ಮಲ್ಲಿಗೆ ಬರುತ್ತಾ? ಎರಡು ತೊಡಕಿವೆ. ಪುಕ್ಕದ ಬಣ್ಣ ನೋಡುವ ಕ್ಯಾಮೆರಾ ಕೆಲಸ ಮಾಡೋದು ಕಂದು ತಳಿಗಳಲ್ಲಿ. ಅಲ್ಲಿ ಗಂಡು–ಹೆಣ್ಣಿನ ಬಣ್ಣ ಬೇರೆ. ನಮ್ಮ ಲೇಯರ್‌ಗಳು ಬಹುಪಾಲು ಬಿಳಿ, ಎರಡೂ ಒಂದೇ ಥರ. ಇನ್ನೊಂದು ದುಡ್ಡು. ಜರ್ಮನಿಯಲ್ಲಿ ಮೊಟ್ಟೆಗೆ ಒಂದೆರಡು ಸೆಂಟ್ ಹೆಚ್ಚಾಯಿತು, ಯಾರೂ ಕೂಗಾಡಲಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನೊಂದಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ. ಅದಕ್ಕಿಟ್ಟ ದರ ಬೇಯಿಸಿ ಸುಲಿಯುವುದೂ ಸೇರಿ 6 ರೂಪಾಯಿ. ಅಲ್ಲಿ ಒಂದು ರೂಪಾಯಿ ಹೆಚ್ಚು ಅಂದ್ರೆ ಸಣ್ಣ ಮಾತಲ್ಲ. ಆ ಮೊಟ್ಟೆ ತಿನ್ನುವ ಮಗುವಿನ ತಟ್ಟೆ ಮುಂದೆ ನಿಂತು ಮರಿಯ ಮಾತಾಡೋಕೆ ನನಗೂ ಧೈರ್ಯ ಸಾಲದು.

ಯಂತ್ರ ಬಂದರೂ ಹುಂಜದ ಕಥೆ ಮಾತ್ರ ಬದಲಾಗುತ್ತದೆ, ಅಕ್ಕತಂಗಿಯರದ್ದಲ್ಲ. ಅವು ಎ4 ಹಾಳೆಗಿಂತ ಕಡಿಮೆ ಜಾಗದ ಪಂಜರಕ್ಕೇ ಹೋಗುತ್ತವೆ. ಕೇಂದ್ರ ಕಾನೂನು ಆಯೋಗ 2017ರಲ್ಲೇ ಈ ಪಂಜರಗಳ ವಿರುದ್ಧ ವರದಿ ಕೊಟ್ಟಿತ್ತು.

ಆದರೆ ಸೊರಬ, ಶಿಕಾರಿಪುರದ ಹಳ್ಳಿ ಹಿತ್ತಿಲಿಗೆ ಬಂದರೆ ಈ ಪ್ರಶ್ನೆಯೇ ಇಲ್ಲ. ಇಲ್ಲಿ ಹುಂಜ ಹುಟ್ಟಿದರೆ ಖುಷಿ. ಚೌಡಿಗೆ ಹರಕೆ ಇರುತ್ತೆ, ಮಾರಿಹಬ್ಬ ಇರುತ್ತೆ, ಬೆಂಗಳೂರಿಂದ ಅಳಿಯ ಬರ್ತಾನೆ. ಒಳ್ಳೆ ನಾಟಿ ಹುಂಜಕ್ಕೆ ಹೇಂಟೆಗಿಂತ ಹೆಚ್ಚೇ ರೇಟು. ಅದೂ ಕೊನೆಗೆ ಸಾಯೋದೇ, ಸುಳ್ಳು ಹೇಳೋದು ಬೇಡ. ಆದರೆ ತಿಪ್ಪೆ ಕೆದರಿ, ಬೆಳಗಿನ ಜಾವ ಕೂಗಿ, ತಿಂಗಳುಗಟ್ಟಲೆ ಕೋಳಿಯಾಗಿ ಬದುಕಿರುತ್ತದೆ.

ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಇದೇ ಲೆಕ್ಕದ ತಳಿ, ಮೊಟ್ಟೆಗೂ ಸೈ, ಮಾಂಸಕ್ಕೂ ಸೈ. ಹುಂಜ ಮೂರು ಕೆ.ಜಿ. ದಾಟುತ್ತದೆ. ಹೇಂಟೆ ವರ್ಷಕ್ಕೆ 130ರಿಂದ 150 ಮೊಟ್ಟೆ. 2005ರಲ್ಲಿ ಬಂದ ಸ್ವರ್ಣಧಾರ 180 ದಾಟುತ್ತದೆ. ಲೇಯರ್‌ನ 300ರ ಮುಂದೆ ಇದು ಅರ್ಧವೋ ಮುಕ್ಕಾಲು ಪಾಲಿಗೂ ಕಮ್ಮಿಯೋ. ರಾಜ್ಯದ ಶಾಲೆಗಳನ್ನೆಲ್ಲ ಇದರಿಂದ ನಡೆಸೋದು ಕಷ್ಟ. ಊರಲ್ಲಿ ಹಿತ್ತಿಲಿದ್ದು ಅಮ್ಮ ನಾಲ್ಕು ಕೋಳಿ ಸಾಕ್ತೀನಿ ಅಂದರೆ ಮಾತ್ರ ಇಂಥ ಮರಿಯನ್ನೇ ತರಬಹುದು. ಗಂಡು ಮರಿ ಬಂದರೆ ಯಾರೂ ವಾಪಸ್ ಕೊಡಲ್ಲ. ದೀಪಾವಳಿಗೆ ಊರಿಗೆ ಹೋದಾಗ ನಸುಕಿನಲ್ಲಿ ನಿಮ್ಮನ್ನು ಎಬ್ಬಿಸೋದು ಅದೇ.