ಒಂದು ಟನ್ ಕಬ್ಬು, ಒಂದು ವಾರದ ಇಂಜೆಕ್ಷನ್

ಯಮಕನಮರಡಿಯಿಂದ ದೊಡ್ಡವ್ವ ಫೋನ್ ಮಾಡಿದ್ದಳು. "ತಮ್ಮಾ, ಹಸಿವಿ ಆಗಲಾರದಂಗ ಮಾಡೋ ಇಂಜೆಕ್ಷನ್ ಬಂದೈತಂತಲ್ಲ, ಖರೇನ?"

ಖರೆ ಅಂದೆ. ಆಕಿ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ನಕ್ಕು, "ಸಣ್ಣಾಕಿದ್ದಾಗ ಹಸಿವಿ ಇತ್ತು, ರೊಟ್ಟಿ ಇರಲಿಲ್ಲ. ಈಗ ರೊಟ್ಟಿ ಐತಿ, ಹಸಿವಿ ಕಳಕೊಳ್ಳಾಕ ರೊಕ್ಕ ಕೊಡಬೇಕ?" ಅಂದಳು.

ದೊಡ್ಡವ್ವನ ತೂಕ 88 ಕಿಲೋ. ಹತ್ತು ವರ್ಷದಿಂದ ಶುಗರ್, ಜೊತೆಗೆ ಮೊಣಕಾಲು ನೋವು. ಯಾವ ಡಾಕ್ಟರ್ ಹತ್ತಿರ ಹೋದರೂ ಸಿಗುವ ಉಪದೇಶ ಒಂದೇ: ಬಾಯಿ ಕಟ್ಟು. ಅನ್ನ ಬಿಟ್ಟಳು, ಚಹಾಕ್ಕೆ ಸಕ್ಕರೆ ಬಿಟ್ಟಳು, ಒಂದು ವರ್ಷ ಆರು ಕಿಲೋ ಇಳಿಸಿದಳು. ಮರುವರ್ಷ ಆರೂ ವಾಪಸ್ ಬಂತು. ಮನೆಯವರೆಲ್ಲ ಸೇರಿ ತಪ್ಪನ್ನು ಆಕೆಯ ನಾಲಿಗೆಯ ಮೇಲೆ ಹಾಕಿದೆವು. ನಾನೂ ಹಾಕಿದ್ದೆ.

ಆ ತಪ್ಪು ಯಾರದು ಎಂಬುದನ್ನು ಈ ಔಷಧಗಳು ಮತ್ತೆ ಕೇಳುವಂತೆ ಮಾಡಿವೆ. ತೂಕ ಇಳಿದಾಗ ದೇಹ ಅದನ್ನು ನಷ್ಟ ಎಂದೇ ಲೆಕ್ಕ ಹಾಕುತ್ತದೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ, ಹಸಿವು ಹುಟ್ಟಿಸುವ ಗ್ರೆಲಿನ್ ಹೆಚ್ಚುತ್ತದೆ. ಕೂತಲ್ಲೇ ಖರ್ಚಾಗುವ ಶಕ್ತಿಯೂ ಇಳಿಯುತ್ತದೆ. ಅಂದರೆ ಕಡಿಮೆ ಉಣ್ಣುವವರಿಗೆ ಮೊದಲಿಗಿಂತ ಜಾಸ್ತಿ ಹಸಿವಾಗುತ್ತದೆ. ಇದರ ಎದುರು ಮನೋಬಲ ಎಷ್ಟು ದಿನ ನಿಂತೀತು?

ಹಸಿವು ತಡೆಯುವ ಮಾತ್ರೆಗಳು ಹೊಸವೇನಲ್ಲ. ಹಳೆಯವು ಮಿದುಳಿನ ರಾಸಾಯನಿಕಗಳನ್ನು ನೇರವಾಗಿ ಕೆಣಕುತ್ತಿದ್ದವು, ಜೊತೆಗೆ ಎದೆಬಡಿತ, ಬಿಪಿಯನ್ನೂ ಏರಿಸುತ್ತಿದ್ದವು. ಸಿಬುಟ್ರಮಿನ್ ಎಂಬುದನ್ನು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯದ ಕಾರಣಕ್ಕೆ 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಯಿಂದ ತೆಗೆಯಲಾಯಿತು. 2011ರಲ್ಲಿ ಭಾರತವೂ ನಿಷೇಧಿಸಿತು. 'ತೂಕ ಇಳಿಸೋ ಔಷಧ' ಎಂದರೆ ಹಿರಿಯ ವೈದ್ಯರು ಇಂದಿಗೂ ಹುಬ್ಬೇರಿಸುವುದಕ್ಕೆ ಇಂಥ ಇತಿಹಾಸವೇ ಕಾರಣ.

ಈಗಿನವು ಬೇರೆ ದಾರಿ ಹಿಡಿದಿವೆ. ಊಟ ಕರುಳಿಗೆ ಇಳಿದಾಗ ಅಲ್ಲಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಡುತ್ತದೆ. ಅದು ಮಿದುಳಿಗೆ 'ಸಾಕು' ಎನ್ನುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಸಕ್ಕರೆ ಏರಿದ್ದರೆ ಇನ್ಸುಲಿನ್ ಬಿಡಿಸುತ್ತದೆ. ತೊಂದರೆ ಏನೆಂದರೆ, ಎರಡೇ ನಿಮಿಷದಲ್ಲಿ ಅದರ ಅರ್ಧದಷ್ಟು ದೇಹದಲ್ಲಿ ನಾಶವಾಗಿರುತ್ತದೆ. ಸೆಮಾಗ್ಲುಟೈಡ್ ಅದರದೇ ನಕಲು, ಆದರೆ ಸುಮಾರು ಒಂದು ವಾರ ಉಳಿಯುವಂತೆ ತಿದ್ದಿದ್ದು. ಟಿರ್ಜೆಪಟೈಡ್ ಇದರ ಜೊತೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ವಾರಕ್ಕೊಂದು ಸೂಜಿ, ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ. ತಗೊಂಡವರು ಹೇಳುವುದು ಕೇಳಿ: ಮುಂದೆ ಗೋಕಾಕದ ಕರದಂಟು ಇದ್ದರೂ ಅದೇ ತಲೆಯಲ್ಲಿ ಸುತ್ತುವುದಿಲ್ಲ, ಒಂದು ತುಂಡಿಗೆ ಕೈ ತಾನಾಗೇ ನಿಲ್ಲುತ್ತದೆ. ಔಷಧ ಕೊಬ್ಬು ಕರಗಿಸುವುದಿಲ್ಲ. ಕಡಿಮೆ ಉಂಡರೂ ನೆಮ್ಮದಿಯಾಗಿರಲು ಬಿಡುತ್ತದೆ, ಅಷ್ಟೇ.

2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರದಲ್ಲಿ ಸರಾಸರಿ ಶೇ. 14.9 ಇಳಿಯಿತು. ಬರೀ ಆಹಾರ, ವ್ಯಾಯಾಮದ ಸಲಹೆ ಪಡೆದವರದು ಶೇ. 2.4. ಆದರೆ ಅದರಲ್ಲಿ ಶುಗರ್ ಇದ್ದವರು ಇರಲಿಲ್ಲ. ಶುಗರ್ ಇದ್ದವರ ಮೇಲೆ ನಡೆದ ಪ್ರಯೋಗದಲ್ಲಿ ಇಳಿದದ್ದು ಶೇ. 9.6. ದೊಡ್ಡವ್ವನ ಲೆಕ್ಕದಲ್ಲಿ ಎಂಟು ಕಿಲೋ ಚಿಲ್ಲರೆ. ರೀಲ್ಸ್‌ನಲ್ಲಿ ತೋರಿಸುವಂಥ ಪವಾಡವಲ್ಲ ನಿಜ, ಆಕೆಯ ಮೊಣಕಾಲಿಗೆ ಮಾತ್ರ ದೊಡ್ಡದೇ.

ಇನ್ನು ಕಹಿ ಭಾಗ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಅದಕ್ಕೇ ಸಣ್ಣ ಡೋಸಿನಿಂದ ಶುರುಮಾಡಿ ನಿಧಾನ ಏರಿಸುತ್ತಾರೆ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕದ ಉರಿಯೂತ ಆಗಬಹುದು. ಬಸುರಿಯರು ತಗೊಳ್ಳುವಂತಿಲ್ಲ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆಗಳ ಜೊತೆ ತಗೊಂಡರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಕೊಬ್ಬಿನ ಜೊತೆ ಸ್ನಾಯುವೂ ಕರಗುವುದರಿಂದ ಬೇಳೆ, ಮೊಟ್ಟೆ, ನಡಿಗೆ ಬಿಡುವಂತಿಲ್ಲ. ಬಿಎಂಐ 30 ದಾಟಿದವರಿಗೆ, ಶುಗರ್, ಬಿಪಿಯಂಥದ್ದಿದ್ದರೆ 27 ದಾಟಿದವರಿಗೆ ಇದು. ಮದುವೆಗೆ ಮುಂಚೆ ನಾಲ್ಕು ಕಿಲೋ ಇಳಿಸಿಕೊಳ್ಳಲು ಹುಡುಗಿಯರ ಕೈಗೆ ತುರುಕುವ ಮಾಲಲ್ಲ. ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಮೆಡಿಕಲ್ ಅಂಗಡಿ ಯಾವ ಊರಲ್ಲಾದರೂ ಸಿಕ್ಕೀತು, ಹೆಚ್ಚುಕಮ್ಮಿಯಾದಾಗ ಆ ಅಂಗಡಿಯವ ಬರುವುದಿಲ್ಲ.

ನನ್ನನ್ನು ಕಾಡುವ ಸಂಗತಿ ಇನ್ನೊಂದಿದೆ. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೇ ಎರಡರಷ್ಟು ಮರಳಿ ಬಂದದ್ದನ್ನು ಅದೇ 2021ರ ಪ್ರಯೋಗದ ಮುಂದುವರಿಕೆ ತೋರಿಸಿದೆ. ಬಿಪಿ ಮಾತ್ರೆಯಂತೆ ಇದೂ ವರ್ಷಗಟ್ಟಲೆ ಬೇಕಾದದ್ದು. ಯಾರ ರೊಕ್ಕದಲ್ಲಿ?

ಟಿರ್ಜೆಪಟೈಡ್ 'ಮೌಂಜಾರೊ' ಹೆಸರಲ್ಲಿ 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ಅತಿ ಸಣ್ಣ ಡೋಸಿನ, ಒಂದು ವಾರದ ಸೀಸೆಗೆ 3,500 ರೂಪಾಯಿ. ಅದೇ ವರ್ಷ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಯಲ್ಲಿ ಕೂತು ಕೇಳಿದ್ದೂ ಟನ್ ಕಬ್ಬಿಗೆ 3,500 ರೂಪಾಯಿಯನ್ನೇ. ಸರ್ಕಾರ ಘೋಷಿಸಿದ್ದು 3,300. ಅಂದರೆ ಮಾರುಕಟ್ಟೆಗೆ ಬಂದಾಗಿನ ಆ ಬೆಲೆಯಲ್ಲಿ ನಮ್ಮ ಭಾಗದ ಒಂದು ಟನ್ ಕಬ್ಬಿಗೆ ಒಂದು ವಾರದ ಸೂಜಿಯೂ ಬರುತ್ತಿರಲಿಲ್ಲ. ದೇಶಕ್ಕೆ ಸಕ್ಕರೆ ಕೊಡುವ ಜನ, ಸಕ್ಕರೆ ಕಾಯಿಲೆಗೆ ಬಂದ ಔಷಧವನ್ನು ದೂರದಿಂದ ನೋಡಬೇಕಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಈ ಗುಂಪಿನ ಔಷಧಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು, ಅದೂ ಎಲ್ಲರಿಗೂ ಅಲ್ಲ, ಹೃದಯ ಅಥವಾ ಕಿಡ್ನಿ ಕಾಯಿಲೆಯ ಜೊತೆ ಬೊಜ್ಜೂ ಇರುವ ಶುಗರ್ ರೋಗಿಗಳಿಗೆ. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ 2026ರ ಮಾರ್ಚ್‌ವರೆಗಿನದು. ಅದರಾಚೆ ನಮ್ಮ ಕಂಪನಿಗಳ ಅಗ್ಗದ ರೂಪಗಳಿಗೆ ದಾರಿಯಿದೆ. ಅವು ಜನೌಷಧಿ ಅಂಗಡಿಗೆ, ತಾಲೂಕು ಆಸ್ಪತ್ರೆಗೆ ಬರುತ್ತವಾ ಎಂಬುದನ್ನು ನಮ್ಮ ಶಾಸಕರನ್ನು, ಸಂಸದರನ್ನು ಕೇಳಬೇಕು. ಜಾತ್ರೆ ಕಮಾನಿಗೆ ಅನುದಾನ ಕೇಳುವಷ್ಟೇ ಜೋರಾಗಿ.

ಇಷ್ಟನ್ನೂ ದೊಡ್ಡವ್ವನಿಗೆ ನನಗೆ ಬರುವ ಭಾಷೆಯಲ್ಲಿ ಹೇಳಿದೆ. ಚೀಟಿ ಇಲ್ಲದೆ ತಗೋಬೇಡ, ಈಗ ನುಂಗುವ ಶುಗರ್ ಮಾತ್ರೆಗಳನ್ನೆಲ್ಲ ಡಾಕ್ಟರ್‌ಗೆ ತೋರಿಸು ಅಂದೆ. ಆಕಿ ಎಲ್ಲ ಕೇಳಿಸಿಕೊಂಡು, "ಹಂಗಾದ್ರ ಅಷ್ಟು ವರ್ಷ ತೂಕ ಇಳೀಲಿಲ್ಲಲ್ಲ, ಅದು ನನ್ನ ತಪ್ಪಲ್ಲೇನ?" ಅಂತ ಕೇಳಿದಳು.

ಅಲ್ಲ ಅಂದೆ. ಫೋನಿನಲ್ಲಿ ಬಹಳ ಹೊತ್ತು ಮಾತಿರಲಿಲ್ಲ.